ಓಡಿಸಲು ಇಬ್ಬರು, ಹೊಡೆಯಲು ಒಬ್ಬ

ಯಾವುದೇ ವಾಹನದ ನಕ್ಷೆ ಕೈಗೆ ಬಂದರೂ ನಾನು ಮೊದಲು ನೋಡುವುದು ಸೀಟುಗಳನ್ನು. ಚಾಲನಾ ವ್ಯವಸ್ಥೆಯ ವಿನ್ಯಾಸವೇ ಕಸುಬಾದವನಿಗೆ ಅಂಟುವ ಚಟವಿದು. ಎಷ್ಟು ಜನ ಕೂರುತ್ತಾರೆ, ಯಾರ ಕೈಗೆ ಯಾವ ಕೆಲಸ ಎಂಬುದು ತಿಳಿದರೆ ವಿನ್ಯಾಸಕ ಯಾವುದಕ್ಕೆ ಹೆದರಿದ್ದ, ಯಾವುದನ್ನು ಹಗುರವಾಗಿ ತೆಗೆದುಕೊಂಡಿದ್ದ ಎಂಬುದೂ ತಿಳಿಯುತ್ತದೆ.

ಎರಡನೇ ಮಹಾಯುದ್ಧದಲ್ಲಿ ಇಟಲಿ ಬಳಸಿದ ಶಸ್ತ್ರಸಜ್ಜಿತ ಕಾರು ಆಟೋಬ್ಲಿಂಡಾ ಎಬಿ 41. ಅನ್ಸಾಲ್ಡೊ ಮತ್ತು ಫಿಯಟ್ ಬಳಗದ ಎಸ್‌ಪಿಎ ಕೂಡಿ ರೂಪಿಸಿದ ಈ ಏಳೂವರೆ ಟನ್ನಿನ ಬಂಡಿಯಲ್ಲಿ ನಾಲ್ವರಿಗೆ ಜಾಗ. ಅವರಲ್ಲಿ ಇಬ್ಬರು ಚಾಲಕರು! ಒಬ್ಬ ಮುಂದಕ್ಕೆ ಮುಖಮಾಡಿ, ಇನ್ನೊಬ್ಬ ಹಿಂದಕ್ಕೆ ಮುಖಮಾಡಿ. ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ 6 ಗೇರು, ಹಿಂದಕ್ಕೆ 4.

ಇದು ದುಂದುಗಾರಿಕೆಯಂತೆ ಕಾಣಬಹುದು. ಆದರೆ ಕಾರಿನ ಕೆಲಸ ಶತ್ರುವನ್ನು ಹುಡುಕಿ, ಸುದ್ದಿಯೊಂದಿಗೆ ಜೀವಂತ ಮರಳುವುದು. ಮೈಮೇಲಿದ್ದದ್ದು ಬಹುಪಾಲು ಒಂದು ಸೆಂಟಿಮೀಟರಿಗಿಂತ ತೆಳುವಾದ ಉಕ್ಕಿನ ತಗಡು. ಇಕ್ಕಟ್ಟಿನ ದಾರಿಯಲ್ಲಿ ಎದುರಿಗೆ ಫಿರಂಗಿ ಕಂಡರೆ ಬಂಡಿಯನ್ನು ತಿರುಗಿಸುತ್ತಾ ಕೂರುವಷ್ಟು ಪುರುಸೊತ್ತು ಇರುವುದಿಲ್ಲ. ಹಿಂದಿನ ಚಾಲಕ ಗೇರು ಹಾಕಿ ಬಂದ ದಾರಿ ಹಿಡಿಯಬೇಕು. ಬಾಲ್ಕನ್ ಪ್ರದೇಶದ ರೈಲುಮಾರ್ಗಗಳ ಕಾವಲಿಗೆ ಈ ಕಾರಿಗೇ ರೈಲಿನ ಚಕ್ರ ತೊಡಿಸಿದಾಗ ಈ ಏರ್ಪಾಡು ಇನ್ನೂ ಸಾರ್ಥಕವಾಯಿತು. ಹಳಿಯ ಮೇಲೆ ತಿರುಗುವ ಮಾತೇ ಇಲ್ಲವಲ್ಲ.

ನನ್ನ ಮಟ್ಟಿಗೆ ಕಾರಿನ ನಿಜವಾದ ಸೊಗಸು ಅದರ ಹೊಟ್ಟೆಯ ಕೆಳಗಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. ನಾಲ್ಕೂ ಚಕ್ರಗಳಿಗೆ ಸ್ಟಿಯರಿಂಗ್. ಆದರೂ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್ ಒಂದೇ, ನಡುವೆ. ಅಲ್ಲಿಂದ ಒಂದೊಂದು ಚಕ್ರಕ್ಕೂ ಒಂದೊಂದು ಶಾಫ್ಟ್. ಮುಂದಿನ ಚಕ್ರಗಳು ಮಾತ್ರ ಹೊರಳುವ ವಾಹನದಲ್ಲಿ ಹೀಗೆ ಮಾಡಿದರೆ ತೊಂದರೆ: ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ವೃತ್ತದಲ್ಲಿ, ಹಿಂದಿನದು ಚಿಕ್ಕ ವೃತ್ತದಲ್ಲಿ ಓಡುತ್ತದೆ, ಒಂದೇ ಬದಿಯ ಎರಡು ಚಕ್ರಗಳ ವೇಗ ಹೊಂದದೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಹಿಂದಿನ ಚಕ್ರಗಳೂ ಅಷ್ಟೇ ಕೋನದಲ್ಲಿ ವಿರುದ್ಧ ದಿಕ್ಕಿಗೆ ಹೊರಳಿದರೆ ಹಿಂದಿನದು ಮುಂದಿನದರ ಜಾಡಿನಲ್ಲೇ ಬರುತ್ತದೆ. ಹೀಗೆ ಒಂದು ಏರ್ಪಾಡು ಇನ್ನೊಂದರ ಕೊರತೆಯನ್ನು ಮುಚ್ಚಿದೆ. ಇಕ್ಕೆಲದಲ್ಲಿ ತೂಗುವ ಹೆಚ್ಚುವರಿ ಚಕ್ರಗಳೂ ಅಲಂಕಾರಕ್ಕಲ್ಲ. ಅವು ಸಲೀಸಾಗಿ ತಿರುಗುವಂತಿದ್ದುದರಿಂದ, ದಿಬ್ಬ ದಾಟುವಾಗ ಬಂಡಿಯ ಹೊಟ್ಟೆ ನೆಲಕ್ಕೆ ಕೂರದಂತೆ ಆಸರೆಯಾಗುತ್ತಿದ್ದವು.

ಬೆಲೆ ತೆರಬೇಕಾಗಿ ಬಂದದ್ದು ವೇಗದಲ್ಲಿ. ಹಿಂದಿನ ಚಕ್ರ ವಿರುದ್ಧ ದಿಕ್ಕಿಗೆ ಹೊರಳುವ ಬಂಡಿ ನಿಧಾನದಲ್ಲಿ ಚುರುಕು, ವೇಗದಲ್ಲಿ ಚಂಚಲ. ಇದರ ಗರಿಷ್ಠ ವೇಗವೋ ಗಂಟೆಗೆ 80 ಕಿಲೋಮೀಟರಿನ ಆಸುಪಾಸು. ಸ್ಟಿಯರಿಂಗ್ ದೋಷ ಕಾರನ್ನು ಕೊನೆಯವರೆಗೂ ಬಿಡಲಿಲ್ಲ. ಬ್ರಿಟನ್ನಿನ ಡಿಂಗೋ ಗಸ್ತು ಕಾರಿನಲ್ಲೂ ಮೊದಲು ನಾಲ್ಕು ಚಕ್ರದ ಸ್ಟಿಯರಿಂಗ್ ಇತ್ತು. ಹೊಸ ಚಾಲಕರ ಕೈಗೆ ಅದು ಒಗ್ಗದೆ ಮುಂದಿನ ಮಾದರಿಯಲ್ಲಿ ಕೈಬಿಟ್ಟರು.

ಇನ್ನು ಆಯುಧ. ಮೊದಲು ಬಂದ ಎಬಿ 40ರ ಗೋಪುರದಲ್ಲಿ, ಅಂದರೆ ನೆತ್ತಿಯ ಮೇಲೆ ತಿರುಗುವ ಗೂಡಿನಲ್ಲಿ, 8 ಮಿ.ಮೀ. ಬ್ರೆಡಾ ಮೆಷಿನ್ ಗನ್ ಎರಡು, ಒಡಲಿನ ಹಿಂಬದಿಯಲ್ಲಿ ಇನ್ನೊಂದು. ಅಷ್ಟು ಸಾಲದೆಂದು ಎಲ್6/40 ಹಗುರ ಟ್ಯಾಂಕಿನ ಗೋಪುರವನ್ನು ತಂದು ಕೂರಿಸಿದರು. ಅದೇ ಎಬಿ 41. ಗೋಪುರದಲ್ಲಿ 20 ಮಿ.ಮೀ. ಬ್ರೆಡಾ ಫಿರಂಗಿ, ಪಕ್ಕದಲ್ಲೊಂದು ಮೆಷಿನ್ ಗನ್. ಹಿಂಬದಿಯ ಮೆಷಿನ್ ಗನ್ ಹಾಗೆಯೇ ಉಳಿಯಿತು. ಆ ಕಾಲದ ಗಸ್ತು ಕಾರುಗಳನ್ನು ಸೀಳಲು 20 ಮಿ.ಮೀ. ಧಾರಾಳವಾಗಿ ಸಾಕು.

ಆದರೆ ಆ ಗೋಪುರದೊಳಗೆ ಒಬ್ಬನಿಗೇ ಜಾಗ. ಅವನೇ ಕಮಾಂಡರ್. ದುರ್ಬೀನಿನಲ್ಲಿ ದಿಗಂತ ನೋಡಬೇಕಾದವನೂ ಅವನೇ, ಚಾಲಕನಿಗೆ ದಾರಿ ಹೇಳಬೇಕಾದವನೂ ಅವನೇ, ಗೋಪುರ ತಿರುಗಿಸಿ, ಗುರಿ ಹಿಡಿದು, ಕಾಲಿನ ಪೆಡಲ್ ಒತ್ತಿ ಗುಂಡು ಹಾರಿಸಬೇಕಾದವನೂ ಅವನೇ. ಫಿರಂಗಿಗೆ ತೋಟಾಗಳು 8ರ ಪಟ್ಟಿಗಳಲ್ಲಿ ಬರುತ್ತಿದ್ದವು. ನಿಮಿಷಕ್ಕೆ ಸುಮಾರು 220 ಗುಂಡಿನ ವೇಗದಲ್ಲಿ ಒಂದು ಪಟ್ಟಿ ಎರಡು ಸೆಕೆಂಡಿನ ಮಾತು. ಆಮೇಲೆ ಕಣ್ಣು ಕೆಳಗೆ, ಕೈ ಮುಂದಿನ ಪಟ್ಟಿಗೆ. ಒಟ್ಟು 456 ಗುಂಡು, ಅಂದರೆ 57 ಪಟ್ಟಿ. ಮೆಷಿನ್ ಗನ್ನಿನ ಪೆಟ್ಟಿಗೆಯಲ್ಲೂ 24 ಗುಂಡುಗಳಷ್ಟೇ. ಹಾರಿದ ತೋಟಾದ ಖಾಲಿ ಕೊಳವೆಯನ್ನು ಬ್ರೆಡಾ ಫಿರಂಗಿ ಮತ್ತೆ ಅದೇ ಪಟ್ಟಿಯಲ್ಲಿ ಕೂರಿಸಿ ಹೊರದಬ್ಬುತ್ತಿತ್ತು. ಇದನ್ನು ಗೇಲಿ ಮಾಡುವವರು ಬಹಳ. ಪಟ್ಟಿಯನ್ನು ಮತ್ತೆ ತುಂಬುವವನಿಗೆ ಅದು ಕಿರಿಕಿರಿ, ನಿಜ. ಕಾಲಿಡಲೂ ಜಾಗವಿಲ್ಲದ ಬಂಡಿಯಲ್ಲಿ ಬಿಸಿ ಕೊಳವೆಗಳು ಉರುಳಾಡದೆ ಇರುವುದು ನನಗಂತೂ ಸಣ್ಣ ಅನುಕೂಲವೆನಿಸುವುದಿಲ್ಲ.

ಎದುರಾಳಿ ಬ್ರಿಟಿಷರ ಡೈಮ್ಲರ್ ಕಾರಿನ ತೂಕ ಹೆಚ್ಚುಕಡಿಮೆ ಇಷ್ಟೇ. ಅದಕ್ಕೂ ನಡುವಿನ ಒಂದೇ ಡಿಫರೆನ್ಷಿಯಲ್. ಒಳಗೆ ಮೂವರು: ಚಾಲಕ ಒಬ್ಬ, ಗೋಪುರದಲ್ಲಿ ಇಬ್ಬರು, 40 ಮಿ.ಮೀ. ಫಿರಂಗಿ. ಹಿಂದಕ್ಕೆ ಓಡಬೇಕಾದರೆ ಕಮಾಂಡರನೇ ಬಳಸಲು ಹಿಂಬದಿಗೆ ಇನ್ನೊಂದು ಸ್ಟಿಯರಿಂಗ್ ಚಕ್ರವಿಟ್ಟಿದ್ದರು. ಎರಡನೇ ಚಾಲಕನ ಸೀಟು ಅಲ್ಲಿ ಗೋಪುರದ ಎರಡನೇ ಆಳಿನದಾಯಿತು. ಇಟಲಿಯವರು ಒಬ್ಬ ಆಳನ್ನು ಹೆಚ್ಚಿಗೆ ಹೊತ್ತೂ ಗೋಪುರಕ್ಕೆ ಒಬ್ಬನನ್ನೇ ಕೊಟ್ಟರು.

ಅವರಿಗೂ ಇದು ಹೊಳೆಯದೆ ಇರಲಿಲ್ಲ. ಆಮೇಲೆ ಬಂದ, 100 ಕುದುರೆಶಕ್ತಿಯ ಎಬಿ 43ರ ಮೇಲೆ 47 ಮಿ.ಮೀ. ಫಿರಂಗಿಯ, ಇಬ್ಬರು ಕೂರುವ ಗೋಪುರವನ್ನಿಟ್ಟು ಒಂದು ಮಾದರಿ ಕಟ್ಟಿದರು. ಅದು ಮಾದರಿಯಾಗಿಯೇ ಉಳಿಯಿತು. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಘೋಷಣೆಯಾಯಿತು. ಆಮೇಲೆ ಜರ್ಮನ್ನರು ತಮಗಾಗಿ ಕಟ್ಟಿಸಿಕೊಂಡ ಕಾರುಗಳಲ್ಲೂ ಗೋಪುರದಲ್ಲಿ ಒಬ್ಬನೇ ಇದ್ದ.