ಹೆಪಟೈಟಿಸ್ ಬಿ, ಲಿವರ್ ಕ್ಯಾನ್ಸರ್ ಮತ್ತು ಷಟರ್ ಎಳೆದ ಜೀನ್‌ಗಳು

ಕಳೆದ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓದಲು ಕೂತಿದ್ದಾಗ ಗೆಳತಿ ಕೇಳಿದಳು: "ಜೀನ್‌ನ ಒಂದು ಅಕ್ಷರವೂ ಬದಲಾಗಿಲ್ಲ ಅಂದ್ಮೇಲೆ ಕ್ಯಾನ್ಸರ್‌ಗೆ ಅದು ಹೇಗೆ ಕಾರಣ ಆಗುತ್ತೆ?" ಎಪಿಜೆನೆಟಿಕ್ಸ್, ಅಂದರೆ ಅಕ್ಷರ ಬದಲಾಗದೆಯೇ ಜೀನ್‌ನ ಕೆಲಸ ಬದಲಾಗುವುದರ ಅಧ್ಯಾಯದ ತಿರುಳೇ ಇದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವೆನ್ಯೂ ರೋಡಿನ ಒಂದು ಪುಸ್ತಕದಂಗಡಿ ನೆನಪಿಸಿಕೊಳ್ಳಿ. ಅಂಗಡಿಗೆ ಬೆಂಕಿ ಬಿದ್ದರೆ ಅದು ಮ್ಯುಟೇಶನ್, ಅಂದರೆ ಜೀನ್‌ನ ಅಕ್ಷರವೇ ಕೆಡುವುದು. ಷಟರ್ ಎಳೆದು ಬೀಗ ಹಾಕಿದರೆ? ಒಳಗೆ ಒಂದು ಹಾಳೆಯೂ ಹರಿದಿಲ್ಲ, ಆದರೂ ವ್ಯಾಪಾರ ನಿಂತಿತು ಅಲ್ವಾ? ಡಿಎನ್‌ಎ ಮಿಥೈಲೇಶನ್ ಅಂದರೆ ಈ ಬೀಗ. ಜೀನ್‌ನ ಬಾಗಿಲಲ್ಲಿರುವ ಭಾಗಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಅಲ್ಲಿ ಡಿಎನ್‌ಎ ಅಕ್ಷರಗಳಾದ ಎ, ಸಿ, ಜಿ, ಟಿಗಳ ಪೈಕಿ ಸಿ ಆದಮೇಲೆ ಜಿ ಬರುವ ಕಡೆ, ಆ ಸಿ ಮೇಲೆ ಪುಟ್ಟ ಮಿಥೈಲ್ ಗುಂಪು ಕೂರುತ್ತದೆ. ಒತ್ತೊತ್ತಾಗಿ ಕೂತರೆ ಜೀನ್ ಸುಮ್ಮನಾಗುತ್ತದೆ. ಈ ಬೀಗ ಹಾಕುವುದು ಡಿಎನ್‌ಎಂಟಿ ಎಂಬ ಕಿಣ್ವಗಳು. ಜೀವಕೋಶ ಒಡೆದು ಎರಡಾದಾಗ ಡಿಎನ್‌ಎಂಟಿ1 ಅದೇ ಬೀಗವನ್ನು ಹೊಸ ಕೋಶಕ್ಕೂ ಹಾಕುತ್ತದೆ. ಹಾಗಾಗಿ ಒಮ್ಮೆ ಬಿದ್ದ ಬೀಗ ಕೋಶಗಳ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ.

ಇಲ್ಲಿ ವೈರಸ್ ಏನು ಮಾಡುತ್ತದೆ? ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ಸುಮಾರು 3,200 ಅಕ್ಷರದ್ದು, ತುಂಬಾ ಚಿಕ್ಕದು. ಲಿವರ್ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಅದು ಉಂಗುರದ ಹಾಗೆ ಉಳಿದುಬಿಡುತ್ತದೆ. ಅದು ತಯಾರಿಸುವ ಎಚ್‌ಬಿಎಕ್ಸ್ ಪ್ರೋಟೀನ್‌ನಲ್ಲಿ 154 ಅಮೈನೋ ಆಮ್ಲಗಳಷ್ಟೇ. ಈ ಎಚ್‌ಬಿಎಕ್ಸ್ ಇರುವ ಕೋಶಗಳಲ್ಲಿ ಡಿಎನ್‌ಎಂಟಿಗಳು ಜಾಸ್ತಿಯಾಗುವುದನ್ನು ಲ್ಯಾಬ್‌ಗಳಲ್ಲಿ ಕಂಡಿದ್ದಾರೆ. ವೈರಸ್ಸಿನ ಡಿಎನ್‌ಎ ಮೇಲೂ ಬೀಗ ಬೀಳುತ್ತದೆ, ನಮ್ಮ ಜೀನ್‌ಗಳ ಮೇಲೂ ಬೀಳುತ್ತದೆ. ನನ್ನನ್ನು ತುಂಬಾ ಕಾಡಿದ್ದು ಇದೇ. ವೈರಸ್ಸನ್ನು ಸುಮ್ಮನಾಗಿಸಲು ಕೋಶ ಬಳಸುವ ಬೀಗವೇ ಆ ಕೋಶದ ಕಾವಲುಗಾರರ ಬಾಯಿಯನ್ನೂ ಮುಚ್ಚಬಹುದು. ಕೋಶ ಒಡೆಯುವುದಕ್ಕೆ ಬ್ರೇಕ್ ಹಾಕುವ ಪಿ16, ಆರ್‌ಎಎಸ್‌ಎಸ್‌ಎಫ್1ಎ, ಕೋಶಗಳನ್ನು ಅಂಟಿಸಿಡುವ ಇ-ಕ್ಯಾಡ್ಹೆರಿನ್: ಲಿವರ್ ಕ್ಯಾನ್ಸರ್ ಗಡ್ಡೆಗಳಲ್ಲಿ ಇವುಗಳ ಷಟರ್ ಎಳೆದಿರುವುದು ಮತ್ತೆ ಮತ್ತೆ ಕಾಣುತ್ತದೆ.

ಇದೆಲ್ಲ ವರ್ಷಗಟ್ಟಲೆ ನಡೆಯುವ ಕೆಲಸ. ಹುಟ್ಟುವಾಗಲೇ ಸೋಂಕು ತಗುಲಿದ ಕೂಸುಗಳಲ್ಲಿ ಸುಮಾರು 90% ಮಂದಿಗೆ ಅದು ಬಹುಕಾಲ ಉಳಿಯುತ್ತದೆ. ದೊಡ್ಡವರಲ್ಲಿ 5%ಗಿಂತ ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕುವುದು ಅದಕ್ಕೇ.

ಪರೀಕ್ಷೆ ಬರೆಯುವಾಗ ಎಡವುವ ಜಾಗ ಒಂದಿದೆ. ಅದೇ ಗಡ್ಡೆಯಲ್ಲಿ ಬೇರೆ ಕಡೆ ಇರಬೇಕಾದ ಬೀಗಗಳು ಕಳಚಿರುತ್ತವೆ. ಲೈನ್-1 ಎಂಬ ಪುನರಾವರ್ತಿತ ತುಂಡುಗಳು ಹಾಗೆ ತೆರೆದುಕೊಂಡು, ಕ್ರೋಮೋಸೋಮ್‌ಗಳು ಅಸ್ಥಿರವಾಗುತ್ತವೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಎರಡೂ ಒಟ್ಟಿಗೆ. ಬೀಗ ತೆಗೆಸುವ ಅಜಾಸಿಟಿಡಿನ್‌ನಂಥ ಔಷಧಿಯನ್ನು ರಕ್ತದ ಕೆಲವು ಕಾಯಿಲೆಗಳಿಗೆ ಕೊಡುತ್ತಾರೆ. ಆದರೆ ಅದು ಬೇಕಾದ ಬೀಗ ಯಾವುದು, ಬೇಡದ್ದು ಯಾವುದು ಎಂದು ಆರಿಸುವುದಿಲ್ಲ.

ಬೀಗ ಬಿದ್ದಿದೆ ಅಂತ ಹೇಗೆ ಗೊತ್ತಾಗುತ್ತದೆ? ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದರೆ ಬೀಗವಿಲ್ಲದ ಸಿ, ‘ಯು’ ಎಂಬ ಅಕ್ಷರವಾಗಿ, ಓದುವಾಗ ಟಿ ಆಗಿ ಕಾಣುತ್ತದೆ. ಬೀಗವಿರುವ ಸಿ ಹಾಗೇ ಉಳಿಯುತ್ತದೆ. ಪೆನ್ ಹಿಡಿದು ನೋಡಿ: ಎ-ಸಿ-ಜಿ-ಟಿ-ಸಿ-ಎ. ಮೊದಲ ಸಿಗೆ ಬೀಗ ಇದ್ದರೆ ಎ-ಸಿ-ಜಿ-ಟಿ-ಟಿ-ಎ. ಇಲ್ಲದಿದ್ದರೆ ಎ-ಟಿ-ಜಿ-ಟಿ-ಟಿ-ಎ. ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನೂ ಹೀಗೇ ಓದಬಹುದು.