ಮಸ್ಕಿ ಬೆನ್ನು ಹತ್ತಿ ಬಂದಾಗ: ಕೊನೆಯ 3 ಮೀಟರಿನ ಟಿಪ್ಪಣಿ

ಮಸ್ಕಿ ಅಂದ ತಕ್ಷಣ ನಮಗೆ ನೆನಪಾಗುವುದು ರಾಯಚೂರು ಜಿಲ್ಲೆಯ ಊರು, ಅಲ್ಲಿನ ಅಶೋಕನ ಶಾಸನ. ಈ ಟಿಪ್ಪಣಿ ಆ ಮಸ್ಕಿಯದಲ್ಲ. ಇದು ಉತ್ತರ ಅಮೆರಿಕದ ಸಿಹಿನೀರಿನ ದೊಡ್ಡ ಬೇಟೆಗಾರ ಮೀನಿನದು. ಪೂರ್ತಿ ಹೆಸರು ಮಸ್ಕೆಲಂಜ್. ಆ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಮಾತಿನಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಇದೇ ರಾಜ್ಯಮೀನು.

ನಾನು ಇದನ್ನು ಗಾಳ ಹಾಕಿ ಹಿಡಿಯಲು ಕಲಿಯುತ್ತಿರುವುದು ಅದರ ಪಕ್ಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದಲ್ಲಿ. ಸುಮಾರು 536 ಚದರ ಕಿ.ಮೀ. ನೀರು. ಎದುರು ದಡ ಕಾಣುವುದಿಲ್ಲ, ಆದರೆ ಎಲ್ಲಿ ಅಳೆದರೂ ಆಳ 13 ಮೀಟರಿನ ಆಸುಪಾಸು ದಾಟುವುದಿಲ್ಲ. 2021ರ ನವೆಂಬರಿನಲ್ಲಿ ಇಲ್ಲಿ ಸಿಕ್ಕಿದ ಒಂದು ಮಸ್ಕಿ ಸುಮಾರು 25.4 ಕೆ.ಜಿ. ತೂಗಿತು. ಮಿನೆಸೋಟದ ಹಿಂದಿನ ದಾಖಲೆ 1957ರದು. ಅದನ್ನು ಮುರಿದದ್ದು ಈ ಮೀನು. ಅಂಥ ನೀರಿನ ಮೇಲೆ ನಿಂತು ಗಾಳ ಎಸೆಯುವಾಗ, ಸುಮ್ನೆ ನಿಂತರೂ ಎದೆ ಹೊಡೆದುಕೊಳ್ಳುತ್ತದೆ.

ಈ ಮೀನಿಗೆ ಅಲ್ಲಿನವರು ಇಟ್ಟ ಅಡ್ಡಹೆಸರು ‘ಹತ್ತು ಸಾವಿರ ಎಸೆತದ ಮೀನು’. ಇದು ಆಹಾರಸರಪಳಿಯ ತುದಿಯಲ್ಲಿರುವ ಪ್ರಾಣಿ, ಹಾಗಾಗಿ ಸಂಖ್ಯೆಯೇ ಕಡಿಮೆ. ಒಳ್ಳೆಯ ಸರೋವರದಲ್ಲೂ ದೊಡ್ಡ ಮೀನು ಎಕರೆಗೆ ಒಂದು ಇರುವುದೇ ಹೆಚ್ಚು. ಆದರೆ ಮೀನು ಸಿಗದೆ ಇರುವುದಕ್ಕೆ ಅದೊಂದೇ ಕಾರಣ ಅಲ್ಲ ಅಂತ ನನಗೆ ಈಗ ಗೊತ್ತಾಗಿದೆ. ಎಷ್ಟೋ ಸಲ ಮೀನು ದೋಣಿಯವರೆಗೂ ಬಂದಿರುತ್ತದೆ. ಆ ಕೊನೆಯ 3 ಮೀಟರಿನಲ್ಲಿ ನಾವೇ ಅದನ್ನು ಕಳೆದುಕೊಂಡಿರುತ್ತೇವೆ.

ಮೊದಲು, ಇದು ಮಸ್ಕಿಯೇ?

ಇದರ ದಾಯಾದಿ ನಾರ್ದರ್ನ್ ಪೈಕ್. ಒಂದೇ ನೀರಿನಲ್ಲಿ ಎರಡೂ ಇರುತ್ತವೆ, ನಿಯಮ ಮಾತ್ರ ಬೇರೆ ಬೇರೆ. ಪೈಕಿನ ಮೈ ಕಡುಬಣ್ಣ, ಮೇಲೆ ತಿಳಿಬಣ್ಣದ ಚುಕ್ಕೆ. ಮಸ್ಕಿಯದು ತಿರುಗಾಮುರುಗಾ: ಮೈ ತಿಳಿ, ಗುರುತು ಕಡು. ಕೆಲವಕ್ಕೆ ಗುರುತೇ ಇರುವುದಿಲ್ಲ. ಅನುಮಾನ ಬಂದರೆ ಕೆಳದವಡೆಯ ಅಡಿಭಾಗ ನೋಡಿ. ಅಲ್ಲಿ ಸಣ್ಣ ರಂಧ್ರಗಳ ಸಾಲು ಇರುತ್ತದೆ. ಒಂದೊಂದು ಕಡೆ 5 ಅಥವಾ ಕಡಿಮೆ ಇದ್ದರೆ ಪೈಕ್, 6ರಿಂದ 9 ಇದ್ದರೆ ಮಸ್ಕಿ. ಎರಡೂ ಕೂಡಿ ಹುಟ್ಟಿದ ಟೈಗರ್ ಮಸ್ಕಿ ಅಂತಲೂ ಒಂದಿದೆ, ಅದಕ್ಕೆ ಸಾಮಾನ್ಯವಾಗಿ ಸಂತಾನ ಆಗುವುದಿಲ್ಲ.

ಮೈಕಟ್ಟು ನೋಡಿದರೆ ಅರ್ಧ ಪಾಠ ಆದಂತೆ

ಮಸ್ಕಿಯ ಚಿತ್ರ ಒಂದನ್ನು ಎದುರಿಗೆ ಇಟ್ಟುಕೊಂಡು ಓದಿ. ಮೈ ಉದ್ದ, ಕೊಳವೆಯ ಹಾಗೆ. ಬೆನ್ನಿನ ರೆಕ್ಕೆಯೂ ಹೊಟ್ಟೆ ಕಡೆಯ ಹಿಂದಿನ ರೆಕ್ಕೆಯೂ ಬಾಲಕ್ಕೆ ಅಂಟಿದಷ್ಟು ಹಿಂದೆ ಇವೆ. ಅಂದರೆ ತಳ್ಳುವ ಶಕ್ತಿಯೆಲ್ಲ ಒಂದೇ ಕಡೆ ಕೂಡಿದೆ. ನಿಂತಲ್ಲಿಂದ ಬಾಣದಂತೆ ಚಿಮ್ಮಲು ಇದಕ್ಕಿಂತ ಒಳ್ಳೆಯ ಮೈ ಬೇಡ. ಆದರೆ ಇದು ದೂರ ಓಡಿಸಿಕೊಂಡು ಹೋಗಿ ಹಿಡಿಯುವ ಮೀನಲ್ಲ. ಹೊಂಚು ಹಾಕುವ ಮೀನು. ಉದ್ದ ಮೈ ಆದ್ದರಿಂದ ಓಡುತ್ತಿರುವಾಗ ಗಕ್ಕನೆ ತಿರುಗುವುದೂ ಕಷ್ಟ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆ. ತನಗಿಂತ ಮೇಲೆ ಹಾದುಹೋಗುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಲ್ಯೂರ್, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಬೇಟೆ, ಮೀನಿಗಿಂತ ಸ್ವಲ್ಪ ಮೇಲೆ ಓಡಿದರೆ ಒಳ್ಳೆಯದು, ಕೆಳಗೆ ಬೇಡ. ಮೈಯ ಪಕ್ಕದ ಗೆರೆ ಮತ್ತು ದವಡೆಯ ಆ ರಂಧ್ರಗಳು ನೀರಿನ ಅಲುಗಾಟ ಹಿಡಿಯುತ್ತವೆ. ನೀರು ಮಬ್ಬಾದಾಗ ದೊಡ್ಡ ಬಿಲ್ಲೆಗಳು ದಬದಬ ತಿರುಗುವ ಬಕ್‌ಟೇಲ್ ಎಂಬ ಲ್ಯೂರ್ ಕೆಲಸ ಮಾಡುವುದು ಇದರಿಂದಲೇ.

ಎಲ್ಲಿ, ಯಾವಾಗ

ಅನ್ನ ಎಲ್ಲಿದೆಯೋ ಮೀನು ಅಲ್ಲಿ. ಮಿಲ್ ಲ್ಯಾಕ್ಸಿನಲ್ಲಿ ಅನ್ನ ಅಂದರೆ ಟಲಿಬೀ, ಪರ್ಚ್, ಸಕರ್ ಮೀನುಗಳು. ಬೇಸಿಗೆಯಲ್ಲಿ ನೀರೊಳಗಿನ ಜೊಂಡಿನ ಅಂಚು, ಮುಳುಗಿದ ಬಂಡೆಗಳ ದಿಬ್ಬ, ನೀರಿಗೆ ಚಾಚಿದ ದಡದ ಮೂಗು, ಇವು ಹೊಂಚಿನ ಜಾಗ. ಜೊಂಡಿನ ನಟ್ಟನಡುವೆ ಎಸೆಯುವುದಕ್ಕಿಂತ ಅಂಚಿನ ಗುಂಟ ಎಳೆಯುವುದು ಮೇಲು. ಶರತ್ಕಾಲದಲ್ಲಿ ನೀರು ತಣ್ಣಗಾದಂತೆ ದೊಡ್ಡ ರಬ್ಬರ್ ಲ್ಯೂರ್, ನಿಧಾನದ ಎಳೆತ. ದೊಡ್ಡ ಹೆಣ್ಣುಗಳು ಆಗ ಚಳಿಗಾಲಕ್ಕೆ ಮುಂಚೆ ಗಟ್ಟಿಯಾಗಿ ತಿನ್ನುತ್ತವೆ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು.

ಚಂದ್ರ ಹುಟ್ಟುವ, ಮುಳುಗುವ ಹೊತ್ತಿಗೆ ಮೀನು ಕಚ್ಚುತ್ತದೆ ಅಂತ ಹಳಬರು ಬಲವಾಗಿ ನಂಬುತ್ತಾರೆ. ನಾನು ಜಾಸ್ತಿ ನಂಬುವುದು ಬೆಳಕನ್ನು. ಮುಂಜಾವು, ಮುಸ್ಸಂಜೆ, ಮಳೆ ಮೋಡ ಕವಿಯುವ ಹೊತ್ತು. ಆಗ ಹೊಂಚುಗಾರನಿಗೆ ಮರೆ ಸಿಗುತ್ತದೆ.

ಸಲಕರಣೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಂಟರಿಂದ ಒಂಬತ್ತೂವರೆ ಅಡಿಯ ಗಟ್ಟಿ ರಾಡ್ (ಗಾಳದ ಕೋಲು), 80 ಅಥವಾ 100 ಪೌಂಡ್ ಭಾರ ತಡೆಯುವ ಹೆಣೆದ ಲೈನ್ (ದಾರ), ತುದಿಗೆ ಉಕ್ಕಿನ ಅಥವಾ ದಪ್ಪ ಫ್ಲೋರೋಕಾರ್ಬನ್ ಪ್ಲಾಸ್ಟಿಕಿನ ಲೀಡರ್, ಅಂದರೆ ದಾರಕ್ಕೂ ಲ್ಯೂರಿಗೂ ನಡುವಿನ ಗಟ್ಟಿ ತುಂಡು. ಲೀಡರ್ ಇಲ್ಲದಿದ್ದರೆ ಹಲ್ಲು ದಾರ ಕತ್ತರಿಸುತ್ತದೆ, ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ. ಇಷ್ಟು ಭಾರದ ಸಾಮಾನು ನಮ್ಮ ಬಲ ತೋರಿಸಲು ಅಲ್ಲ. ಹೋರಾಟ ಬೇಗ ಮುಗಿದರೆ ಮೀನು ಬದುಕುತ್ತದೆ.

ಈಗ ಮುಖ್ಯ ವಿಷಯ: ಹಿಂಬಾಲಿಸಿ ಬರುವ ಮೀನು

ಹೆಚ್ಚಿನ ಮೀನುಗಳು ಲ್ಯೂರ್ ಕಂಡರೆ ಕಚ್ಚುತ್ತವೆ ಅಥವಾ ಬಿಡುತ್ತವೆ. ಮಸ್ಕಿ ಮೂರನೆಯದೊಂದು ಕೆಲಸ ಮಾಡುತ್ತದೆ. ಲ್ಯೂರಿನ ಹಿಂದೆ ಒಂದು ಗೇಣು, ಎರಡು ಗೇಣು ಬಿಟ್ಟು, ತಣ್ಣಗೆ ದೋಣಿಯವರೆಗೂ ಬರುತ್ತದೆ. ಇದನ್ನು ಫಾಲೋ ಅನ್ನುತ್ತಾರೆ. ಮೊದಲ ಸಲ ನಾನು ನೋಡಿದಾಗ, ನೀರೊಳಗೆ ಮರದ ದಿಮ್ಮಿ ತೇಲಿ ಬರುತ್ತಿದೆ ಅಂದುಕೊಂಡೆ. ಆಮೇಲೆ ದಿಮ್ಮಿಗೆ ಕಣ್ಣು ಕಂಡಿತು. ಕೈ ನಿಂತಿತು, ಲ್ಯೂರೂ ನಿಂತಿತು. ಮೀನು ಹಾಗೇ ಕೆಳಗಿಳಿದು ಕಣ್ಮರೆಯಾಯಿತು.

ಹೊಸಬರು ಮಾಡುವ ತಪ್ಪು ಎರಡು. ಒಂದು, ನನ್ನ ಹಾಗೆ ನಿಲ್ಲಿಸುವುದು. ಇನ್ನೊಂದು, ಎಸೆತ ಮುಗಿಯಿತು ಅಂತ ಲ್ಯೂರನ್ನು ನೀರಿನಿಂದ ಎತ್ತಿಬಿಡುವುದು. ಎರಡೂ ಸಲ ಬೇಟೆ ಬೇಟೆಯಂತೆ ನಡೆದುಕೊಂಡಿಲ್ಲ. ಹೆದರಿದ ಸಣ್ಣ ಮೀನು ನಿಂತು ಕಾಯುವುದಿಲ್ಲ, ಆಕಾಶಕ್ಕೂ ಹಾರುವುದಿಲ್ಲ. ಪಕ್ಕಕ್ಕೆ ತಿರುಗಿ ಓಡುತ್ತದೆ. ನಾವು ಮಾಡಬೇಕಾದದ್ದೂ ಅಷ್ಟೇ.

ಇದಕ್ಕೇ ಎಂಟರ ಸುತ್ತು ಅನ್ನುವುದು. ನಮ್ಮ ಕನ್ನಡದ ೮ ಅಲ್ಲ, ಇಂಗ್ಲಿಷಿನ 8, ಮಲಗಿಸಿದ್ದು. ಲೀಡರ್ ರಾಡ್ ತುದಿಗೆ ಹತ್ತಿರ ಬಂದಾಗ, ಒಂದೆರಡು ಗೇಣು ದಾರ ಬಿಟ್ಟು ರೀಲ್ ಸುತ್ತುವುದನ್ನು ನಿಲ್ಲಿಸಿ. ಲ್ಯೂರ್ ಮಾತ್ರ ನಿಲ್ಲಬಾರದು. ರಾಡಿನ ತುದಿಯನ್ನು ನೀರೊಳಗೆ ಆಳಕ್ಕೆ ಅದ್ದಿ, ಪಕ್ಕಕ್ಕೆ ಎಳೆಯಿರಿ, ತಿರುಗಿಸಿ, ಮತ್ತೆ ಈ ಕಡೆಗೆ ತನ್ನಿ. ತಿರುವಿನಲ್ಲಿ ಸ್ವಲ್ಪ ವೇಗ ಹೆಚ್ಚಿಸಿ.

ತಿರುವು ಅಗಲವಾಗಿರಬೇಕು. ಮೇಲೆ ಹೇಳಿದೆನಲ್ಲ, ಉದ್ದ ಮೈ ಗಕ್ಕನೆ ತಿರುಗಲಾರದು ಅಂತ. ನೀವು ತಟ್ಟೆಯಷ್ಟು ಸಣ್ಣ ಸುತ್ತು ಹಾಕಿದರೆ ಒಂದು ಮೀಟರಿನ ಮೀನಿಗೆ ಅದರಲ್ಲಿ ಜಾಗವೇ ಇಲ್ಲ. ಅದು ಲ್ಯೂರನ್ನು ಕಳೆದುಕೊಂಡು ಆಚೆ ಹೋಗಿಬಿಡುತ್ತದೆ, ಹೆಚ್ಚಾಗಿ ಮತ್ತೆ ಹುಡುಕುವುದಿಲ್ಲ. ಅಂಗಳದಲ್ಲಿ ದೊಡ್ಡ ರಂಗೋಲಿಯ ಸುತ್ತು ಎಳೆಯುವ ಹಾಗೆ ಪೂರ್ತಿ ತೋಳು ಬಳಸಿ. ತಿರುವಿನಲ್ಲಿ ಲ್ಯೂರಿನ ಮಗ್ಗುಲು ಮೀನಿಗೆ ಕಾಣುತ್ತದೆ, ಬೇಟೆ ದಿಕ್ಕು ಬದಲಿಸಿತು ಅನ್ನಿಸುತ್ತದೆ. ತುಂಬ ಕಡಿತಗಳು ಬರುವುದು ಆ ತಿರುವಿನ ಮೇಲೆಯೇ.

ಎಷ್ಟು ಸುತ್ತು? ಮೀನು ಕಂಡಿದ್ದರೆ, ಅದು ಹೋಗುವವರೆಗೂ. ಹೋದ ಮೇಲೂ ಎರಡು ಸುತ್ತು. ದೋಣಿಯ ಅಡಿಗೆ ಹೋಗಿ ಮತ್ತೆ ಬರುವುದುಂಟು. ಮೀನು ಕಾಣದಿದ್ದರೂ ಪ್ರತಿ ಎಸೆತದ ಕೊನೆಗೆ ಕಡೇಪಕ್ಷ ಒಂದು ಸುತ್ತು ಹಾಕಿ. ಸಂಜೆ ಹೊತ್ತಿನಲ್ಲಿ ಮೀನು ಇದ್ದರೂ ನಮಗೆ ಕಾಣುವುದಿಲ್ಲ, ಅಲ್ವಾ. ಹಗಲಿನಲ್ಲಿ ಪೋಲರೈಸ್ಡ್ ಕನ್ನಡಕ ಹಾಕಿ, ನೀರಿನ ಹೊಳಪು ಕಡಿಮೆಯಾಗಿ ಒಳಗಿನದು ಕಾಣುತ್ತದೆ.

ಕಚ್ಚಿದಾಗ ಮೇಲಕ್ಕೆ ಎಳೆಯಬೇಡಿ, ಲ್ಯೂರ್ ಬಾಯಿಂದ ಕಿತ್ತು ಬರುತ್ತದೆ. ಮೀನು ಹೋಗುವ ದಿಕ್ಕಿಗೆ ಎದುರಾಗಿ, ಪಕ್ಕಕ್ಕೆ, ಗಟ್ಟಿಯಾಗಿ ಸೆಳೆಯಿರಿ. ದಾರ ಗಿಡ್ಡ ಇದೆ, ಆದ್ದರಿಂದ ಹೆಬ್ಬೆರಳು ರೀಲಿನ ಮೇಲೆ ಸಿದ್ಧ ಇರಲಿ. ಅದು ಓಡಿದರೆ ದಾರ ಬಿಡಬೇಕು.

ಕಚ್ಚದೆ ಹೋದ ಮೀನನ್ನು ಸೋಲು ಅನ್ನಬೇಡಿ. ಅದು ತನ್ನ ಮನೆ ತೋರಿಸಿ ಹೋಗಿದೆ. ಜಾಗ ಗುರುತು ಹಾಕಿ, ಸಂಜೆಗೆ ವಾಪಸ್ ಬನ್ನಿ. ಹಿಂದಿನ ಆಗಸ್ಟಿನಲ್ಲಿ ಬೆಳಿಗ್ಗೆ 7ಕ್ಕೆ ಒಂದು ಬಂಡೆ ದಿಬ್ಬದ ಹತ್ತಿರ ಮೀನೊಂದು ಒಂದು ಸುತ್ತು ಬಂದು ಇಳಿದುಹೋಯಿತು. ಸೂರ್ಯ ಮುಳುಗುವ ಹೊತ್ತಿಗೆ ಅದೇ ದಿಬ್ಬಕ್ಕೆ ಹೋದೆ. ನಾಲ್ಕನೇ ಎಸೆತ. ಏನೂ ಕಾಣಲಿಲ್ಲ, ಆದರೂ ಸುತ್ತು ಹಾಕಿದೆ. ಎರಡನೇ ತಿರುವಿನಲ್ಲಿ ರಾಡ್ ಕೈಯಿಂದ ಹಾರಿಹೋಗುವಷ್ಟು ಜೋರು ಎಳೆತ. ಅಳತೆ 112 ಸೆಂ.ಮೀ. ಬೆಳಗಿನ ಮೀನೇ ಇರಬೇಕು ಅಂತ ನನ್ನ ನಂಬಿಕೆ.

ಹಿಡಿದ ಮೇಲೆ

ಮಿನೆಸೋಟದಲ್ಲಿ ಸಾಮಾನ್ಯ ನಿಯಮದಂತೆ 54 ಇಂಚಿಗಿಂತ, ಅಂದರೆ ಸುಮಾರು 137 ಸೆಂ.ಮೀ.ಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಹೆಚ್ಚಿನ ಮಸ್ಕಿ ಬೇಟೆಗಾರರು ಅದಕ್ಕಿಂತ ದೊಡ್ಡದನ್ನೂ ಬಿಡುತ್ತಾರೆ. ಕಾವೇರಿಯ ಭೀಮೇಶ್ವರಿ ಕಡೆ ಮಹಶೀರ್ ಹಿಡಿದು ಬಿಡುತ್ತಿದ್ದ ಕಥೆ ಕೇಳಿದವರಿಗೆ ಈ ಪದ್ಧತಿ ಹೊಸದೇನಲ್ಲ. ದೊಡ್ಡ ಮಸ್ಕಿ ಅಂದರೆ ಸಾಮಾನ್ಯವಾಗಿ ಹತ್ತಾರು ವರ್ಷ ಬದುಕಿದ ಹೆಣ್ಣು. ಒಂದು ಹೋದರೆ ಆ ಜಾಗ ತುಂಬಲು ಅಷ್ಟೇ ವರ್ಷ ಬೇಕು.

ಹಾಗಾಗಿ ಬಲೆಯನ್ನು ತೊಟ್ಟಿಯ ಹಾಗೆ ಬಳಸಿ. ದೊಡ್ಡ, ರಬ್ಬರ್ ಲೇಪದ ಬಲೆ. ಮೀನು ಅದರೊಳಗೆ, ನೀರಿನಲ್ಲೇ ಇರಲಿ. ಕೊಕ್ಕೆ ಬಿಡಿಸುವ ಕೆಲಸವೂ ಅಲ್ಲೇ ಆಗಲಿ. ಉದ್ದ ಮೂಗಿನ ಇಕ್ಕಳ, ಕೊಕ್ಕೆ ಕತ್ತರಿಸುವ ಗಟ್ಟಿ ಕಟರ್ ಇಲ್ಲದೆ ದೋಣಿ ಹತ್ತಲೇಬೇಡಿ. ಕೊಕ್ಕೆ ಆಳಕ್ಕೆ ಹೋಗಿದ್ದರೆ ಎಳೆದಾಡಬೇಡಿ, ಕತ್ತರಿಸಿ. ಲ್ಯೂರಿಗೆ ಹೊಸ ಕೊಕ್ಕೆ ಹಾಕಬಹುದು. ಫೋಟೊ ಬೇಕಿದ್ದರೆ ಕ್ಯಾಮೆರಾ ತಯಾರಾದ ಮೇಲೆ ಮೀನನ್ನು ಎತ್ತಿ, ಅಡ್ಡಲಾಗಿ, ಹೊಟ್ಟೆಗೆ ಕೈ ಕೊಟ್ಟು. ನೀವು ಉಸಿರು ಹಿಡಿದುಕೊಳ್ಳುವಷ್ಟು ಹೊತ್ತು ಮಾತ್ರ.

ನೀರಿನ ಬಿಸಿ 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸ್ಕಿ ಬೇಟೆ ನಿಲ್ಲಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು. ನಾನು ಅಂಥ ದಿನಗಳಲ್ಲಿ ಬೇರೆ ಸಣ್ಣ ಮೀನು ಹಿಡಿಯುತ್ತೇನೆ, ಇಲ್ಲವೇ ದೋಣಿ ಕಟ್ಟಿಹಾಕಿ ಖಾಲಿ ರಾಡಿನಲ್ಲಿ ಎಂಟರ ಸುತ್ತು ಅಭ್ಯಾಸ ಮಾಡುತ್ತೇನೆ.

ಬಿಡುವಾಗ ಬಾಲದ ಬುಡ ಹಿಡಿದು, ಮೀನನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಾಯಿರಿ. ಹಿಂದೆಮುಂದೆ ಅಲ್ಲಾಡಿಸುವುದು ಬೇಡ. ಕಿವಿರು ತಾನಾಗಿ ಆಡಲಿ. ಆ ಸಂಜೆಯ ಮೀನು ಎರಡು ನಿಮಿಷ ನನ್ನ ಕೈಯಲ್ಲಿ ಸುಮ್ಮನೆ ನಿಂತಿತ್ತು. ಆಮೇಲೆ ಬಾಲ ಗಟ್ಟಿಯಾಯಿತು, ಒಂದು ಸಲ ಜೋರಾಗಿ ಕೊಡವಿತು, ದಿಬ್ಬದ ಕಡೆಗೇ ಹೋಯಿತು.