ತಪ್ಪು ಜಾಗದಲ್ಲಿ ಕೂತ ಎಂಜಿನ್

ಚಿಕ್ಕವನಿದ್ದಾಗ ಸೈಕಲ್ ಕ್ಯಾರಿಯರ್‌ಗೆ 25 ಕಿಲೋ ಅಕ್ಕಿ ಮೂಟೆ ಕಟ್ಟಿಕೊಂಡು ಗಿರಣಿಯಿಂದ ಮನೆಗೆ ಬರುತ್ತಿದ್ದೆ. ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ನಮ್ಮ ಬೀದಿಗೆ ತಿರುಗುವಾಗ ಮಾತ್ರ ನಾನೊಂದು ಕಡೆ ಹೊರಟರೆ ಮೂಟೆ ಇನ್ನೊಂದು ಕಡೆ ಹೊರಡುತ್ತಿತ್ತು. ಒಂದು ಮಳೆಗಾಲ ಅಕ್ಕಿಯೂ ನಾನೂ ಒಟ್ಟಿಗೇ ಚರಂಡಿ ಸೇರಿದೆವು. ಪೋರ್ಶೆ 911 ಕಾರು ಅಂದಾಗಲೆಲ್ಲ ನನಗೆ ಆ ಮೂಟೆ ನೆನಪಾಗುತ್ತದೆ. (ಪೋರ್ಶ್ ಅಲ್ಲ, ಪೋರ್ಶೆ. ಕೊನೆಯ ‘ಎ’ ನುಂಗಬೇಡಿ.)

ಈ ಕಾರಿನ ಎಂಜಿನ್ ಹಿಂದಿದೆ ಅಂದರೆ, “ಲ್ಯಾಂಬೋರ್ಗಿನಿ ಥರಾನಾ?” ಅಂತ ಕೇಳುವವರೇ ಜಾಸ್ತಿ. ಅಲ್ಲ. ಅವರ ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ ಸೀಟಿನ ಬೆನ್ನಿಗೇ, ಹಿಂದಿನ ಗಾಲಿಗಳಿಗಿಂತ ಮುಂದೆ ಇರುತ್ತದೆ. 911ರಲ್ಲಿ ಅದು ಹಿಂದಿನ ಗಾಲಿಗಳನ್ನೂ ದಾಟಿ ಆಚೆ ಜೋತುಬಿದ್ದಿದೆ. ಕಾರಿನ ತೂಕದಲ್ಲಿ ಸುಮಾರು 60 ಪರ್ಸೆಂಟ್ ಹಿಂದಿನ ಗಾಲಿಗಳ ಮೇಲೆ.

ಇದು ಮನೆತನದ ಆಸ್ತಿ. 1931ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕಚೇರಿ ತೆರೆದ ಫರ್ಡಿನಾಂಡ್ ಪೋರ್ಶೆ ಬೇರೆಯವರಿಗೆ ಡಿಸೈನ್ ಮಾಡಿಕೊಡುತ್ತಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್ ಅವರದ್ದೇ, ಅದರ ಎಂಜಿನ್ನೂ ಹಿಂದೆ. ಮಗ ಫೆರ್ರಿ 1948ರಲ್ಲಿ ಆಸ್ಟ್ರಿಯಾದಲ್ಲಿ ಕಟ್ಟಿದ ಮೊದಲ 356 ಕಾರಿನಲ್ಲಿ ಎಂಜಿನ್ ನಡುವೆಯೇ ಇತ್ತು. ಆದರೆ ಸೀಟು, ಲಗೇಜಿಗೆ ಜಾಗ ಬೇಕಲ್ಲ? ಮಾರಾಟಕ್ಕೆ ಬರುವಾಗ ಹಿಂದಕ್ಕೆ ಸರಿಯಿತು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದ ಹೊಸ ಕಾರಿನಲ್ಲೂ ಅದೇ ಜಾಗ. ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಫ್ರಾನ್ಸಿನ ಪೂಜೋ ಕಂಪನಿ ತಕರಾರು ತೆಗೆದಿದ್ದಕ್ಕೆ 911 ಆಯಿತು. ಸಂಖ್ಯಾಶಾಸ್ತ್ರ ಗಿಂಖ್ಯಾಶಾಸ್ತ್ರ ಏನಿಲ್ಲ. ಫ್ಯಾನ್ಸಿ ನಂಬರಿಗೆ ಲಕ್ಷ ಸುರಿಯುವವರು ಗಮನಿಸಿ.

ಈಗ ತಿರುವಿಗೆ ಬರೋಣ. ವೇಗ ಜಾಸ್ತಿ ಆಯ್ತು ಅನ್ನಿಸಿ, ಗಾಬರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಿ ಅಂದುಕೊಳ್ಳಿ. ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರುಗಳು ರಸ್ತೆಯನ್ನು ಗಟ್ಟಿಯಾಗಿ ಕಚ್ಚುತ್ತವೆ, ಹಿಂದಿನವು ಹಗುರಾಗಿ ಹಿಡಿತ ಬಿಡುತ್ತವೆ. ಅದೇ ಹೊತ್ತಿಗೆ ಎಂಜಿನ್‌ಗೆ ನೇರ ಹೋಗುವ ಹಠ. ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಶಟಲ್ ಕಾಕನ್ನು ಗರಿ ಮುಂದೆ ಮಾಡಿ ಎಸೆದು ನೋಡಿ. ಗಾಳಿಯಲ್ಲೇ ತಿರುಗಿ ಬೆಂಡು ಮುಂದೆ ಬರುತ್ತದೆ. ಭಾರದ ತುದಿಗೆ ಯಾವಾಗಲೂ ಮುಂದೆ ಹೋಗುವ ಆಸೆ. ಇನ್ನೂ ಸಾಲದಿದ್ದರೆ ಪೊರಕೆ ತನ್ನಿ. ಬೆರಳಲ್ಲಿ ಹಿಡಿದು ಇಳಿಬಿಟ್ಟರೆ ಸುಮ್ನೆ ತೂಗುತ್ತದೆ. ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದರೆ ಕೈ ಆಡಿಸುತ್ತಲೇ ಇರಬೇಕು. ಹಳೆಯ 911 ಓಡಿಸುವುದು ಅಂಗೈ ಮೇಲಿನ ಪೊರಕೆ.

ಹಾಗಂತ ಬರೀ ನಷ್ಟವಲ್ಲ. ಹೊರಡುವಾಗ ಅದೇ ಭಾರ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ, ಗಾಲಿ ಸುಮ್ನೆ ಗಿರಗಿರ ಸುತ್ತುವುದಿಲ್ಲ. ಬ್ರೇಕ್ ಹಾಕಿದಾಗಲೂ ಹಿಂದಿನ ಟೈರುಗಳು ಕೆಲಸಕ್ಕೆ ಬರುತ್ತವೆ.

ಬಾಲವನ್ನು ಪಳಗಿಸಲು ಎಂಜಿನಿಯರುಗಳು ಪಟ್ಟ ಪಾಡು ನನಗೆ ತುಂಬ ಇಷ್ಟ. ಮೊದಲು ಮುಂದಿನ ಬಂಪರಿನ ಮೂಲೆಗಳಲ್ಲಿ ಕಬ್ಬಿಣದ ಗಟ್ಟಿ ಬಚ್ಚಿಟ್ಟರು. ಲಕ್ಷುರಿ ಕಾರಿಗೆ ಕಲ್ಲು ಕಟ್ಟಿದ ಹಾಗೆ! 1969ರ ಮಾಡೆಲ್‌ಗೆ ಹಿಂದಿನ ಗಾಲಿಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಎಂಜಿನ್ ಮಾತ್ರ ಇದ್ದಲ್ಲೇ ಇತ್ತು. ಒಂದು ದೊಡ್ಡ ಬ್ಯಾಟರಿ ಬದಲು ಎರಡು ಚಿಕ್ಕವನ್ನು ಮೂತಿಯ ಎರಡು ಬದಿಗೆ ಹಾಕಿದರು. 1972ರಲ್ಲಿ ಬಂದ 911 ಕರೇರಾ ಆರ್‌ಎಸ್‌ಗೆ ಬಾತುಕೋಳಿ ಬಾಲದಂಥ ರೆಕ್ಕೆ ಬಂತು, ವೇಗದಲ್ಲಿ ಹಿಂಭಾಗ ಮೇಲೇಳದಿರಲಿ ಅಂತ.

ಎಂಜಿನ್ನನ್ನೇ ಮುಂದೆ ಇಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಅಲ್ವಾ? ಅದನ್ನೂ ಮಾಡಿದರು. ಮುಂದೆ ಎಂಜಿನ್ ಇದ್ದ 928 ಬಂತು, 911 ನಿಲ್ಲಿಸುವುದು ಅಂತಲೂ ಆಯಿತು. 1981ರಲ್ಲಿ ಹೊಸ ಮುಖ್ಯಸ್ಥರಾಗಿ ಬಂದವರು ಪೀಟರ್ ಶುಟ್ಜ್. ಎಂಜಿನಿಯರ್ ಹೆಲ್ಮುಟ್ ಬಾಟ್ ಅವರ ಕೋಣೆಯ ಗೋಡೆಯಲ್ಲಿ, ಯಾವ ಕಾರು ಎಲ್ಲಿವರೆಗೆ ಅಂತ ತೋರಿಸುವ ಒಂದು ಚಾರ್ಟ್. ಬೇರೆ ಕಾರುಗಳ ಗೆರೆ ಮುಂದಕ್ಕೆ ಹೋಗಿದ್ದರೆ 911ರ ಗೆರೆ 1981ಕ್ಕೇ ನಿಂತಿತ್ತು. ಶುಟ್ಜ್ ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ಎಳೆದರು, ಚಾರ್ಟ್ ಮುಗಿದ ಮೇಲೂ ಗೋಡೆ ಮೇಲೆ ಎಳೆದರು. 928ರ ತಯಾರಿಕೆ 1995ರಲ್ಲಿ ನಿಂತಿತು. 2017ರಲ್ಲಿ 10 ಲಕ್ಷದ 911 ಹೊರಬಂತು.

ಅದೇ ವರ್ಷ ರೇಸಿಗಿಳಿದ 911 ಆರ್‌ಎಸ್‌ಆರ್‌ನಲ್ಲಿ ಎಂಜಿನ್ನನ್ನು ಕೊನೆಗೂ ಹಿಂದಿನ ಗಾಲಿಗಳ ಮುಂದಕ್ಕೆ ತಂದರು. ರಸ್ತೆಯ ಮೇಲೆ ಓಡುವ 911ರಲ್ಲಿ ಮೂಟೆ ಇನ್ನೂ ಕ್ಯಾರಿಯರ್ ಮೇಲೇ ಇದೆ.